ವಾಲ್ನಟ್ ಪೆಟ್ಟಿಗೆಗೆ ಇಟ್ಟ ಕುಂಕುಮ

ನಮ್ಮನೆಯವರ ಕಿವಿ ಮಂದವಾಗ್ತಾ ಇದೆ ಅನ್ನೋದು ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ನನಗೆ. ಯಾಕಂದ್ರೆ ಅವರಿಗೆ ಮೊಟ್ಟಮೊದಲು ಕೇಳಿಸದೆ ಹೋಗಿದ್ದು ನನ್ನ ದನಿ.

ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು. ನನ್‌ಗಳು ಕಲಿಸಿದ ಅಲ್ಜೀಬ್ರಾ ಎಂದೋ ಮರೆತುಹೋಯಿತು. ಮೆತ್ತಗೆ ಮಾತಾಡೋದು ಮಾತ್ರ ಮೈಗೆ ಅಂಟಿಕೊಂಡು ಉಳಿದಿದೆ. ಲೇಡೀಸ್ ಡೋಂಟ್ ಶೌಟ್. ಕ್ಲಾಸಿಗೆ ಬೆಂಕಿ ಬಿದ್ದರೂ ನಾವು "ಎಕ್ಸ್‌ಕ್ಯೂಸ್ ಮಿ, ಸಿಸ್ಟರ್" ಅಂತಲೇ ಶುರು ಮಾಡುತ್ತಿದ್ದೆವೇನೋ. ಮದುವೆಯಾಗಿ ಸೇರಿದ್ದು ಧಾರವಾಡದ ಕಡೆಯವರ ಮನೆ. ಅಲ್ಲಿ ಹಿತ್ತಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಬೀದಿಯಿಂದ ಉತ್ತರ ಬರುತ್ತಿತ್ತು. ಅಂಥ ಮನೆಯ ಹುಡುಗ ನಾನು ಬಾಯಿ ತೆರೆದ ಕೂಡಲೇ ತನ್ನ ಮಾತು ನಿಲ್ಲಿಸಿ, ತಲೆ ಬಗ್ಗಿಸಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದ. ನಾನು ಮದುವೆಯಾದದ್ದು ಆ ಬಗ್ಗಿದ ತಲೆಯನ್ನು ಅಂದರೂ ತಪ್ಪಿಲ್ಲ.

ಈಗ ಆರ್.ಟಿ. ನಗರದ ಈ ಮನೆಯಲ್ಲಿ ಅದೇ ಮನುಷ್ಯನಿಗೆ "ಊಟಕ್ಕೆ ಬನ್ನಿ" ಅನ್ನೋಕೆ ನಾನು ಎದ್ದುಹೋಗಿ ಭುಜ ಮುಟ್ಟಬೇಕು. ನಮ್ಮ ಜೊತೆಗೇ ಇರುವ ಅವರ ಅಕ್ಕ ಅಡುಗೆಮನೆಯಿಂದಲೇ ಕೂಗುತ್ತಾರೆ, ಅದು ಕೇಳಿಸುತ್ತೆ. ನನಗೆ ಕೂಗೋಕೆ ಬರಲ್ಲ. ಹೀಗೆ ಮಾತು ಕಮ್ಮಿಯಾಗುತ್ತಾ ಬಂತು. ಗ್ಯಾಸ್ ಬಂತು, ಮಾತ್ರೆ ತಗೊಳ್ಳಿ, ಇಂಥವು ಉಳಿದುಕೊಂಡವು. ಹೋದದ್ದು ಸುಮ್ಮನೆ ಆಡೋ ಮಾತು. ಎದುರುಮನೆಯವರ ಹೊಸ ಕರ್ಟನ್ ಬಣ್ಣ ನೋಡಿದ್ರಾ, ಆ ಬೆಕ್ಕು ಮತ್ತೆ ಬಸುರಿ ಅನ್ಸುತ್ತೆ, ಅಂಥದ್ದು. ಕೂಗಿ ಹೇಳುವಷ್ಟು ಮುಖ್ಯವಾದ ಮಾತು ದಿನಕ್ಕೆ ಎಷ್ಟಿರುತ್ತೆ ಹೇಳಿ?

ನನಗೆ ಬೇಕಾಗಿದ್ದದ್ದು ಒಂದೇ. ಇವರು ಒಂದು ಸಲ ಹೋಗಿ ಕಿವಿ ಟೆಸ್ಟ್ ಮಾಡಿಸಿಕೊಳ್ಳಲಿ ಅಂತ.

"ನನ್ನ ಕಿವಿಗೆ ಏನಾಗಿದೆ?" ಅನ್ನೋರು. "ಈಗಿನ ಟಿ.ವಿ.ಗಳಲ್ಲಿ ಟ್ರೆಬಲ್ಲೇ ಇಲ್ಲ ಕಣೇ, ಸಣ್ಣ ಸ್ವರವೇ ಬರಲ್ಲ. ತೆಳ್ಳಗೆ ಮಾಡಿ ಮಾಡಿ ಸೌಂಡನ್ನೇ ಸಾಯಿಸಿಬಿಟ್ಟಿದ್ದಾರೆ. ಒಳ್ಳೇ ಸ್ಪೀಕರ್ ತಂದ್ರೆ ಎಲ್ಲ ಸರಿಹೋಗುತ್ತೆ."

"ಸ್ಪೀಕರ್ ತಂದ್ರೆ ನಾನು ಹೇಳಿದ್ದು ಕೇಳಿಸುತ್ತಾ?" ಅಂದೆ.

"ಪೆಟ್ಟಿಗೆ ವಾಲ್ನಟ್ ಮರದ್ದೋ, ಕಪ್ಪು ಪಾಲಿಶಿನದ್ದೋ, ಅದನ್ನ ಅಲ್ಲೇ ಹೋಗಿ ನೋಡೋಣ" ಅಂದರು.

ಅಲ್ಲಿ ಅಂದರೆ ರಾಜಾನುಕುಂಟೆಯಲ್ಲಿ. ಅಲ್ಲೊಬ್ಬರು ತಮ್ಮ ಹಳೇ ದ್ರಾಕ್ಷಿತೋಟದ ಶೆಡ್ಡನ್ನೇ ಕಾರ್ಖಾನೆ ಮಾಡಿಕೊಂಡು ಸ್ಪೀಕರ್ ತಯಾರಿಸುತ್ತಾರೆ. ತೋಟ ಲೇಔಟಾಗಿದೆ, ಶೆಡ್ಡಿಗೆ ಎ.ಸಿ. ಬಂದಿದೆ. ಗೋಡೆಗೆಲ್ಲ ಮೆತ್ತನೆ ಬಟ್ಟೆ, ನಡುವೆ ಒಂದೇ ಒಂದು ಸೋಫಾ. ಎದುರಿಗೆ ನನ್ನ ಎದೆಮಟ್ಟದ ಎರಡು ಜೋಡಿ ಪೆಟ್ಟಿಗೆಗಳು. ಒಂದು ಜೋಡಿ ವಾಲ್ನಟ್, ಮರದ ಗೆರೆಗಳು ಜೇನಿನ ಹಾಗೆ ಹರಿದಿದ್ದವು. ಇನ್ನೊಂದು ಪಿಯಾನೋ ಥರ ಕಪ್ಪು. ನನಗೆ ಹಿಡಿಸಿದ್ದು ಕಪ್ಪೇ. ನಿಂತಲ್ಲೇ ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡೆ.

"ಒಳಗೆ ಎರಡೂ ಒಂದೇಯ ಸಾ" ಅಂದರು ತಯಾರಕರು. "ಮೈಬಣ್ಣ ಬ್ಯಾರೆ ಅಷ್ಟೇಯ. ಒಳಗಿನ ಕೆಲ್ಸ ಬ್ಯಾಗ ಮುಗೀತದೆ, ಪಾಲಿಶ್ದೇ ತಿಂಗ್ಳುಗಟ್ಲೆ."

ಹಾಡು ಹಾಕಿದರು. ಒಬ್ಬ ಹೆಂಗಸು ಆಲಾಪ ಮಾಡುತ್ತಿದ್ದಳು. ನಮ್ಮನೆಯವರು ಕಣ್ಣು ಮುಚ್ಚಿ ತಲೆದೂಗಿದರು. ಮುಗಿದ ಮೇಲೆ ತಯಾರಕರು ಹಿಂದೆ ಹೋಗಿ ಏನೋ ಮಾಡಿ ಬಂದು ಮತ್ತೆ ಅದೇ ಹಾಡು ಹಾಕಿದರು. ಇವರು ಕಣ್ಣು ತೆರೆದು ವಾಲ್ನಟ್ಟನ್ನೇ ನೋಡುತ್ತಾ ಕೇಳಿದರು.

"ನೋಡಿ, ಈಗ ಎಷ್ಟು ಬೆಚ್ಚಗಿದೆ! ಕಪ್ಪಿನದು ಸ್ವಲ್ಪ ಶೀತ. ಮರದ ಗುಣ ಎಲ್ಲಿ ಹೋಗುತ್ತೆ?"

"ಸಾ, ವಾಲ್ನಟ್ಗೆ ನಾನಿನ್ನೂ ವೈರೇ ಕೊಟ್ಟಿಲ್ಲ. ಹಿಂದ್ಗಡೆ ಎ.ಸಿ. ಆರ್ಸೋಕೆ ಹೋಗಿದ್ದೆ. ಎರಡು ಸಲಾನೂ ಹಾಡಿದ್ದು ಕರೀದೇ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಭೂಮಿ ಬಾಯಿಬಿಡಲಿ ಅನ್ನುತ್ತಿದ್ದರು. ನಮ್ಮನೆಯವರು ಒಂದು ಕ್ಷಣ ಯೋಚಿಸಿ, "ಪಕ್ಕದಲ್ಲಿ ಸುಮ್ಮನೆ ನಿಂತೇ ಇಷ್ಟು ಬೆಚ್ಚಗೆ ಮಾಡಿದೆ ಅಂದ್ರೆ, ವೈರ್ ಕೊಟ್ಟ ಮೇಲೆ ಇನ್ನೆಷ್ಟಿರಬೇಕು!" ಅಂದರು. ತಯಾರಕರು ನನ್ನ ಮುಖ ನೋಡಿದರು. ನಾನು ಕಪ್ಪು ಪೆಟ್ಟಿಗೆಯಲ್ಲಿ ನನ್ನ ಮುಖ ನೋಡಿಕೊಂಡೆ. ವಾಲ್ನಟ್ ಬುಕ್ ಆಯಿತು.

ಅವು ಬಂದ ದಿನ ಹಾಲಿನ ನಕ್ಷೆಯೇ ಬದಲಾಯಿತು. ಸೋಫಾ ಗೋಡೆ ಬಿಟ್ಟು ನಡುವಿಗೆ ಬಂತು, ನನ್ನ ಶೋಕೇಸ್ ರೂಮಿಗೆ ಹೋಯಿತು. ಸ್ಪೀಕರಿನ ಮುಂದಿನ ಬಲೆಯನ್ನು ಇವರು ಕಳಚಿ ಅಟ್ಟಕ್ಕೆ ಹಾಕಿಸಿದರು. ಸೌಂಡಿಗೆ ಅಡ್ಡ ಬರುತ್ತೆ ಅಂತ ಹೇಳಿದರು, ವಾಲ್ನಟ್ಟಿಗೂ ಅಡ್ಡ ಬರುತ್ತಿತ್ತು. ಬಲೆ ತೆಗೆದ ಮೇಲೆ ಪ್ರತಿ ಪೆಟ್ಟಿಗೆಯ ಮೇಲ್ಭಾಗದಲ್ಲೂ ಉಬ್ಬಿದ ಒಂದು ಪುಟ್ಟ ರೇಷ್ಮೆಯ ಗುಮ್ಮಟ ಕಾಣುತ್ತಿತ್ತು. ಅದಕ್ಕೆ ಟ್ವೀಟರ್ ಅನ್ನುತ್ತಾರೆ. ತಾಳ, ಗೆಜ್ಜೆ, ತಂಬೂರಿಯ ಝೇಂಕಾರ, ಸಣ್ಣ ಸ್ವರ ಎಲ್ಲ ಬರೋದು ಅಲ್ಲಿಂದಲೇ.

"ಕಣ್ಣು ಮುಚ್ಚಿ ಕೇಳಕ್ಕಾ" ಅಂದರು ಅಕ್ಕನಿಗೆ. "ಹಾಡೋಕಿ ಎದುರಿಗೇ ಕೂತಹಂಗ ಕೇಳಸ್ತದ."

"ಎಲ್ಲಿ ಕೂತಾಳ?"

"ಇಲ್ಲೇ, ಟೀಪಾಯಿ ಮ್ಯಾಲೆ. ಸ್ವಲ್ಪ ಎಡಕ್ಕ."

ಅಕ್ಕ ಎದ್ದುಹೋಗಿ ಟೀಪಾಯಿ ಮೇಲಿದ್ದ ಪೇಪರು, ಕನ್ನಡಕದ ಡಬ್ಬಿ, ಎರಡು ಲೋಟ ಎಲ್ಲ ತೆಗೆದರು. "ಪಾಪ, ಆಕಿನರ ನೆಟ್ಟಗ ಕೂಡಲಿ."

ಆಯುಧಪೂಜೆ ಬಂತು. ನಮ್ಮನೆಯಲ್ಲಿ ಆ ಪೂಜೆ ಅಕ್ಕನ ಖಾತೆ. ಕಾರು, ಮಿಕ್ಸಿ, ನನ್ನ ಹೊಲಿಗೆ ಮಷಿನ್ನು, ಇಳಿಗೆಮಣೆ, ಎಲ್ಲಕ್ಕೂ ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ. ನಮ್ಮನೆಯವರು ಸ್ನಾನಕ್ಕೆ ಹೋಗಿದ್ದರು. ನಾನು ಬಾಗಿಲಿಗೆ ಮಾವಿನೆಲೆ ಕಟ್ಟಿಸಿ ಒಳಗೆ ಬರೋ ಹೊತ್ತಿಗೆ ಅಕ್ಕ ಸ್ಪೀಕರಿನ ಮುಂದೆ ನಿಂತಿದ್ದರು, ಹೆಬ್ಬೆರಳು ಕೆಂಪು.

"ಹಣಿ ಎಲ್ಲಿ ಅದ ಇದಕ್ಕ ಅಂತ ನೋಡಿದೆ. ಇಲ್ಲೇ ಇತ್ತು, ದುಂಡಗ. ಬೊಟ್ಟು ಇಟ್ಟೆ, ಗಟ್ಟಿ ಒತ್ತಿಟ್ಟೆ, ಉದರಬಾರದಲ್ಲ. ಪಚಕ್ಕಂತ ಒಳಗ ಹೋತು ನೋಡವ್ವ."

"ಅಯ್ಯೋ ಅಕ್ಕ! ಒಂದೇ ತಾನೇ?"

"ಒಂದs ಒತ್ತಿದ್ರ ಛಲೋ ಕಾಣತದೇನು? ಎರಡೂ ಒತ್ತೀನಿ. ಜೋಡಿ ಅಲ್ಲೇನು ಅವು?"

ಎರಡು ಗುಮ್ಮಟಗಳೂ ಒಳಗೆ ಕುಸಿದು, ಕುಂಕುಮ ತುಂಬಿಕೊಂಡು, ಬಟ್ಟಲಿನ ಹಾಗೆ ಕೂತಿದ್ದವು. ಅಷ್ಟರಲ್ಲಿ ಟವೆಲ್ ಸುತ್ತಿಕೊಂಡ ನಮ್ಮನೆಯವರು ಬಂದರು. ನೋಡಿದರು. ಎದೆ ಹಿಡಿದುಕೊಂಡರು. ಅವರು ನೋಡಿದ್ದು ಏನು ಅಂದರೆ, ವಾಲ್ನಟ್ಟಿನ ಮೇಲೆ ಎಳೆದ ವಿಭೂತಿ!

"ಅಕ್ಕಾ! ಪಾಲಿಶ್! ಪಾಲಿಶ್ ಹೋಗತದ!"

ಕನ್ನಡಕ ಒರೆಸೋ ಮೆತ್ತನೆಯ ಬಟ್ಟೆ ತಂದು, ಮಗುವಿನ ಬೆನ್ನು ಒರೆಸುವ ಹಾಗೆ ಆ ಪೆಟ್ಟಿಗೆ ಒರೆಸಿದರು. ಬೆಳಕಿಗೆ ಓರೆಯಾಗಿ ಬಗ್ಗಿ ನೋಡಿದರು. ಗೀರು ಇಲ್ಲ. ಥ್ಯಾಂಕ್ ಗಾಡ್. ಆಮೇಲೆ ಹಾಡು ಹಾಕಿದರು. ಗಾಯಕಿ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿತ್ತು. ತಂಬೂರಿಯ ಝೇಂಕಾರ ಇಲ್ಲ, ತಾಳ ಇಲ್ಲ. ನಮ್ಮನೆಯವರು ಮಾತ್ರ ಕಣ್ಣರಳಿಸಿ, "ಏನೂ ಆಗಿಲ್ಲ! ಆ ತಾಳ ಹೇಗೆ ಮಿಂಚ್ತಾ ಇದೆ ನೋಡು!" ಅಂದರು.

"ತಾಳ ಕೇಳ್ತಾನೇ ಇಲ್ಲ ರೀ. ಟ್ವೀಟರ್ ಒಳಗೆ ಹೋಗಿದೆ" ಅಂದೆ.

"ಹೌದೌದು, ಹೋಳಿಗೆ ಆಮೇಲೆ ತಿಂತೀನಿ."

ಮಾರನೇ ದಿನ ಹೇಳಿದೆ, ಅದರ ಮಾರನೇ ದಿನವೂ ಹೇಳಿದೆ. ಬೆರಳು ಮಾಡಿ ತೋರಿಸಿದೆ. "ಇರಲಿ ಬಿಡು, ಕುಂಕುಮ ಲಕ್ಷಣವಾಗಿದೆ, ಅಕ್ಕನಿಗೆ ಬೇಜಾರಾಗುತ್ತೆ" ಅಂದರು.

ಭಾನುವಾರ ಯಲಹಂಕದಿಂದ ಇವರ ಗೆಳೆಯರು ಬಂದರು. ಅವರಿಗೂ ಇದೇ ಹುಚ್ಚು. ಅವರ ಮನೆಯ ಸ್ಪೀಕರು ಬರೀ ಪ್ಲೈವುಡ್ಡು, ಬಣ್ಣ ಕಂಡಿಲ್ಲ, ಪೆನ್ಸಿಲಿನ ಗುರುತು ಕೂಡ ಹಾಗೇ ಇದೆ. ಅದನ್ನೇ ಹೆಮ್ಮೆಯಿಂದ ತೋರಿಸುತ್ತಾರೆ. ನಮ್ಮನೆಯವರು ಅವರನ್ನು ಸೋಫಾದ ನಟ್ಟನಡುವೆ ಕೂರಿಸಿ, ಹಾಡಿನ ಉದ್ದಕ್ಕೂ ವಿವರಣೆ ಕೊಟ್ಟರು. ಸಣ್ಣ ಸ್ವರದ ಹೊಳಪು, ತಾಳದ ಸುತ್ತ ಇರೋ ಗಾಳಿ, ವಾಲ್ನಟ್ಟಿನ ಮಾಧುರ್ಯ.

ಗೆಳೆಯರು ಎದ್ದುಹೋಗಿ ಒಂದು ಪೆಟ್ಟಿಗೆಗೆ ಕಿವಿ ಅಂಟಿಸಿದರು. ಇನ್ನೊಂದಕ್ಕೂ ಅಂಟಿಸಿದರು. ತಿರುಗಿದಾಗ ಎರಡೂ ಕಿವಿಯ ಮೇಲೆ ಕುಂಕುಮ.

"ಏನ್ರೀ ಇದು, ಟ್ವೀಟರ್ ಎರಡೂ ಸತ್ತುಹೋಗಿದೆಯಲ್ಲ! ಯಾವ ಹೊಳಪು ಕೇಳಿಸ್ತಾ ಇದೆ ನಿಮಗೆ?"

ಅವರ ದನಿ ದೊಡ್ಡದು. ಇದು ಕೇಳಿಸಿತು.

"ನಾನs ಒತ್ತೀನ್ರೀ" ಅಂದರು ಅಕ್ಕ. "ಅದೇನ್ ಆರಸೋ ಬಟನ್ನೇನು?"

ಗಾಯಕಿ ಕಂಬಳಿಯೊಳಗಿಂದ ಹಾಡುತ್ತಲೇ ಇದ್ದಳು. ಗೆಳೆಯರು ಕಿವಿ ಒರೆಸಿಕೊಂಡು, ಕಾಫಿ ಕುಡಿದು, ಹವಾಮಾನದ ಬಗ್ಗೆ ಏನೋ ಹೇಳಿ ಹೊರಟುಹೋದರು. ಇವರು ಸೋಫಾದಲ್ಲಿ ಒಂದು ಕಡೆ ಸರಿದು ಕೂತರು. ಆ ಮುಖ ನನಗೆ ಹೊಸದು. ಸುಳ್ಳು ಸಿಕ್ಕಿಬಿದ್ದವರ ಮುಖ ಅಲ್ಲ ಅದು. ಇವರು ಸುಳ್ಳು ಹೇಳಿರಲಿಲ್ಲ. ತಾಳ ಎಲ್ಲೆಲ್ಲಿ ಬರುತ್ತೆ ಅನ್ನೋದು ಆ ಹಾಡಲ್ಲಿ ಇವರಿಗೆ ಬಾಯಿಪಾಠ, ನೆನಪೇ ತಾಳ ಹಾಕುತ್ತಿತ್ತು. ನಾನು ಪಕ್ಕದಲ್ಲಿ ಹೋಗಿ ಕೂತೆ.

"ನಿಂಗೆ ಗೊತ್ತಿತ್ತಾ?" ಅಂದರು.

ಕಿವಿಯ ಹತ್ತಿರ ಬಗ್ಗಿ, "ಗೊತ್ತಿತ್ತು, ಹೇಳಿದೆ" ಅಂದೆ.

"ಯಾವಾಗ?"

"ಪೂಜೆ ದಿನದಿಂದ ಹೇಳ್ತಾನೇ ಇದೀನಿ."

"ಜೋರಾಗಿ ಹೇಳೋಕೇನಾಗಿತ್ತು?"

"ನಂಗೆ ಬರಲ್ವಲ್ಲ ರೀ."

ಎದ್ದುಹೋಗಿ ಹಾಡು ನಿಲ್ಲಿಸಿ ಬಂದು ಕೂತರು. ಆಮೇಲೆ, "ಇನ್ನೂ ಏನೇನು ಹೇಳಿದೀಯ, ನಾನು ಕೇಳಿಸಿಕೊಳ್ಳದೆ ಇರೋದು?" ಅಂದರು. ಎದುರುಮನೆಯ ಕರ್ಟನ್ ನೆನಪಾಯಿತು, ಬೆಕ್ಕಿನದು ನೆನಪಾಯಿತು. "ಏನಿಲ್ಲ, ಸಿಲ್ಲಿ ಥಿಂಗ್ಸ್" ಅಂದೆ. ಅದಕ್ಕೆ ಅವರು, "ಕಿವಿ ಡಾಕ್ಟರ ಹತ್ರ ಹೋಗೋಣ ನಡಿ" ಅಂದರು.

ಹೆಬ್ಬಾಳದ ಕ್ಲಿನಿಕ್ಕಿನಲ್ಲಿ ಟೆಸ್ಟ್ ಮಾಡಿದ ಹುಡುಗಿ ಗ್ರಾಫ್ ತೋರಿಸಿದಳು. ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಮೇಲ್ಸೇತುವೆ ಇಳಿಯೋ ಥರ ಇಳಿದಿತ್ತು. ನನ್ನ ದನಿ ಇರೋದು ಆ ಇಳಿಜಾರಿನಲ್ಲೇ ಅಂತೆ. ಆಮೇಲೆ ಟ್ರೇ ತಂದಿಟ್ಟಳು. ಕಿವಿಯ ಹಿಂದೆ ಕೂರೋ ಪುಟ್ಟ ಮಷಿನ್ನುಗಳು. ಚರ್ಮದ ಬಣ್ಣ, ಬೆಳ್ಳಿ, ಹೊಳೆಯೋ ಕಪ್ಪು.

"ಸರ್, ಒಳಗೆ ಎಲ್ಲಾ ಸೇಮ್. ಕಲರ್ ಮಾತ್ರ ನಿಮ್ಮ ಚಾಯ್ಸ್."

ನಮ್ಮನೆಯವರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಗಂಟಲು ಸರಿಮಾಡಿಕೊಂಡರು. "ವಾಲ್ನಟ್ ಇಲ್ವಾ?"

ನಾನು ಬೆಳ್ಳಿಯದನ್ನು ತೋರಿಸಿದೆ. ಕೂದಲಿಗೆ ಹೊಂದುತ್ತಿತ್ತು.

ರಾಜಾನುಕುಂಟೆಯಿಂದ ಹೊಸ ಟ್ವೀಟರ್ ಬಂದು ಕೂತಿದೆ. ಆದರೆ ಕಿವಿಯ ಮಷಿನ್ ಹಾಕಿಕೊಂಡು ಕೇಳಿದರೆ ಸ್ಪೀಕರು ತಗಡಿನ ಡಬ್ಬ ಬಡಿದ ಹಾಗೆ ಕೇಳಿಸುತ್ತಂತೆ. ಬೆಚ್ಚಗಿಲ್ಲವಂತೆ. ಅದಕ್ಕೆ ಹಾಡು ಕೇಳೋವಾಗ ಮಷಿನ್ ತೆಗೆದಿಟ್ಟು, ವಾಲ್ನಟ್ ನೋಡುತ್ತಾ ಕೂರುತ್ತಾರೆ. ಹಾಡು ಮುಗಿದ ಮೇಲೆ ಹಾಕಿಕೊಂಡು ನನ್ನ ಕಡೆ ತಿರುಗುತ್ತಾರೆ. ಅಷ್ಟೆಲ್ಲ ಖರ್ಚು ಮಾಡಿದ ಸೌಂಡು ಇವರಿಗೆ ಕಾಲುಭಾಗ ಕೇಳಿಸಿದರೆ ಹೆಚ್ಚು. ಐ ಡೋಂಟ್ ಮೈಂಡ್.

ಮೊನ್ನೆ ಮಧ್ಯಾಹ್ನ ಬೆಕ್ಕಿನ ಮರಿಗಳ ವಿಷಯ ಹೇಳುತ್ತಿದ್ದೆ. ಒಂದು ಮರಿಗೆ ಮೀಸೆಯ ಹಾಗೆ ಕಪ್ಪು ಮಚ್ಚೆ, ನಮ್ಮ ಓನರ್ಸ್ ಅಸೋಸಿಯೇಶನ್ ಸೆಕ್ರೆಟರಿಯವರ ಪಡಿಯಚ್ಚು. ನಮ್ಮನೆಯವರು ಅಷ್ಟೇ ಮೆತ್ತಗೆ, "ಅವರ ಬಿಳೀ ಸ್ವೆಟರ್ ಕೂಡ ಹಾಕ್ಕೊಂಡಿದೆಯಾ?" ಅಂದರು. ಇಬ್ಬರೂ ನಕ್ಕೆವು.

"ಏನ್ ಗುಸುಗುಸು ಹಚ್ಚೀರಿ ಇಬ್ಬರೂ?" ಅಡುಗೆಮನೆಯಿಂದ ಅಕ್ಕ ಕೂಗಿದರು. "ನನ್ನ ಮ್ಯಾಲೇನು? ಜೋರಾಗಿ ಹೇಳ್ರಿ, ನನಗ ಕೇಳಸವಲ್ದು!"

ಒಗ್ಗರಣೆ ಸೌಟು ಹಿಡಿದುಕೊಂಡೇ ಅಕ್ಕ ಹಾಲಿಗೆ ಬಂದು, ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತರು.