ಅಪ್ಪ ಒಗೆದ ಟವೆಲು

ಭೂಪಾಲನ ಮೂಗು ಎಡಕ್ಕೆ ವಾಲಿತ್ತು. ನಮ್ಮೂರು ಉಗಾರ ಬುದ್ರುಕದ ದಾರಿ ಕೇಳಿದವರ ಮುಂದೆ ಮುಖ ತಿರುಗಿಸಿ ನಿಂತು, "ನನ್ನ ಮೂಗ ಎಲ್ಲಿ ತೋರಸ್ತೈತಿ, ಅತ್ಲಾಗ ಹೋಗ್ರಿ" ಎನ್ನುತ್ತಿದ್ದ. ಮುರಿದ ಮೂಗಿನ ಬಗ್ಗೆ ಅವನಿಗೆ ನಾಚಿಕೆಯೂ ಇರಲಿಲ್ಲ, ಯಾರ ಮರುಕವೂ ಬೇಕಿರಲಿಲ್ಲ.

ಕುಸ್ತಿಯೆಂದರೆ ಪ್ರಾಣ ಬಿಡುವ ಊರಿನಲ್ಲಿ ಅವನು ಬಾಕ್ಸಿಂಗನ್ನೇ ಹೊಟ್ಟೆಪಾಡು ಮಾಡಿಕೊಂಡ. ಅವನಪ್ಪ ಜಿನ್ನಪ್ಪ ಕಾಕಾ ಗರಡಿಮನೆಯ ವಸ್ತಾದ. ನಮ್ಮೂರ ಪೈಲ್ವಾನರೆಲ್ಲ ಅವರ ಕೈಯಲ್ಲೇ ಪಳಗಿದವರು. "ಮೈಗೆ ಮಣ್ಣ ಹತ್ತಲಾರದ್ದು ಎಂಥಾ ಆಟಲೇ?" ಎಂದು ಮಗನ ಒಂದು ಪಂದ್ಯಕ್ಕೂ ಹೋಗಿರಲಿಲ್ಲ. ಇರುವೆ ಕಂಡರೆ ಬದಿಗೆ ಸರಿಯುವ ಜೈನರ ಹುಡುಗ ಮಂದಿಯ ದವಡೆ ಒಡೆಯುತ್ತಾನಂತೆ ಎಂದು ಕಟ್ಟೆಯ ಮೇಲಿನವರೂ ನಗುತ್ತಿದ್ದರು. "ಇರುವಿಗೆ ನಾ ಹೊಡದಿಲ್ಲಲ್ಲ? ನನ್ನ ತೂಕದಾವಗ ಹೊಡೀತೇನಿ. ಅಂವಾನೂ ನನಗ ಹೊಡೀತಾನ" ಎನ್ನುತ್ತಿದ್ದ ಭೂಪಾಲ.

ಕೊಲ್ಹಾಪುರದ ಪಂದ್ಯಕ್ಕೆ ಹಟ ಹಿಡಿದು ಅಪ್ಪನನ್ನು ಕರೆದೊಯ್ದ. ನಾನೂ ಜೊತೆಗಿದ್ದೆ. "ನನ್ನ ಮೂಲ್ಯಾಗ ನೀನ ನಿಂದ್ರು" ಎಂದು ಬೆವರು ಒರೆಸಲಿಕ್ಕೆ ಟವೆಲು ಕೈಗಿತ್ತ. ಕಾಕಾ ಮೊದಮೊದಲು ಮುಖ ಗಂಟಿಕ್ಕಿಕೊಂಡೇ ನಿಂತಿದ್ದರು. ನಾಲ್ಕನೇ ಸುತ್ತಿನಲ್ಲಿ ಭೂಪಾಲನ ಏಟಿಗೆ ಎದುರಾಳಿ ತತ್ತರಿಸಿ ಹಗ್ಗಕ್ಕೊರಗಿದ. "ಶಾಬಾಸ್ ನನ್ನ ಮಗನ!" ಎಂದು ಕಾಕಾ ಕುಣಿದೇಬಿಟ್ಟರು, ಟವೆಲನ್ನು ರಿಂಗಿನೊಳಗೆ ಒಗೆದೂಬಿಟ್ಟರು. ನಮ್ಮ ಅಖಾಡದಲ್ಲಿ ಪೈಲ್ವಾನ ಗೆದ್ದಾಗ ವಸ್ತಾದರು ಹಾಗೆಯೇ ರುಮಾಲು ಹಾರಿಸುವುದು. ಬಾಕ್ಸಿಂಗಿನಲ್ಲಿ ಮೂಲೆಯಿಂದ ಟವೆಲು ಬಿದ್ದರೆ ಸೋಲೊಪ್ಪಿದಂತೆ. ರೆಫರಿ ಆಟ ನಿಲ್ಲಿಸಿ ಎದುರಾಳಿಯ ಕೈ ಎತ್ತಿದ.

ನಾವು ಬೊಬ್ಬೆ ಹೊಡೆದೆವು. ಪಂದ್ಯ ನಡೆಸುವವರೇ ಭೂಪಾಲನ ಬಳಿ ಬಂದು, ವಸ್ತಾದರಿಗೆ ಆಟ ತಿಳಿಯದು ಎಂದು ಹೇಳಿಬಿಡು, ಪಂದ್ಯ ರದ್ದು ಮಾಡುತ್ತೇವೆ ಎಂದರು. ಕಾಕಾನ ಮುಖ ಕಪ್ಪಿಟ್ಟಿತ್ತು. ಭೂಪಾಲ ಗುಡುಗಿದ: "ನಮ್ಮ ವಸ್ತಾದಗ ತಿಳಿಯಂಗಿಲ್ಲ ಅಂತ ನಾ ಅನ್ಲಿ? ಅಪ್ಪ ಒಗದಾನ, ನಾ ಸೋತೇನಿ. ಬರಕೋರಿ!"

ಅದೇ ಎದುರಾಳಿಯೊಡನೆ ಮತ್ತೆ ಪಂದ್ಯ ಗೊತ್ತಾದಾಗ ಕಾಕಾ ಬರಲೊಲ್ಲೆನೆಂದರು. "ನೀ ಇಲ್ಲಂದ್ರ ನಾ ರಿಂಗ್ ಏರೂದಿಲ್ಲ" ಎಂದ ಇವನು. ಅವತ್ತು ಭೂಪಾಲನಿಗೆ ಸರಿಯಾಗಿಯೇ ಬಿದ್ದವು. ಒಂದು ಕಣ್ಣು ಊದಿ ಮುಚ್ಚಿಹೋಯಿತು. "ಟವೆಲ್ ಒಗೀರಿ ಕಾಕಾ!" ಎಂದು ನಾವೆಲ್ಲ ಕೂಗಿದೆವು. ಕಾಕಾ ಮಗನ ಮುಖ ನೋಡಿದರು. ಅವನು ಬೇಡವೆಂದು ತಲೆಯಲ್ಲಾಡಿಸಿದ. ಕಾಕಾ ಆ ಟವೆಲನ್ನು ತಮ್ಮ ತಲೆಗೇ ರುಮಾಲಿನಂತೆ ಬಿಗಿದು ಸುತ್ತಿ, ಕೈ ಕಟ್ಟಿ ನಿಂತುಬಿಟ್ಟರು. ಕೊನೆಯ ಗಂಟೆ ಹೊಡೆಯುವವರೆಗೂ ಭೂಪಾಲ ಬೀಳಲಿಲ್ಲ. ಅಂಕಗಳಲ್ಲಿ ಸೋತ. ಸೋತವನು ಎಂಥ ವೀರ ಎನ್ನುವವರು ಒಮ್ಮೆ ಆ ಹಗ್ಗದೊಳಗೆ ನಿಂತು ಬರಲಿ, ಆಮೇಲೆ ನನ್ನ ಜೊತೆ ಮಾತಾಡಲಿ.

ಕಣ್ಣಿನ ಸಲುವಾಗಿ ಡಾಕ್ಟರು ಆಟ ಬಿಡಿಸಿದರು. ಈಗ ಅವನು ಪುಣೆಯಲ್ಲಿ ಬಾಕ್ಸಿಂಗ್ ಕಲಿಸುತ್ತಾನೆ. ಕಾಕಾ ತೀರಿಕೊಂಡಾಗ ಬಂದದ್ದೇ ಕೊನೆ, ಆಮೇಲೆ ಊರ ಕಡೆ ಬಂದಿಲ್ಲ. ಅಪ್ಪನ ದಿನಕರ್ಮ ಮುಗಿಸಿ ಹೊರಟವನನ್ನು ಬಸ್ಸು ಹತ್ತಿಸುವಾಗ ನಾನು ಕೇಳಿದೆ, "ಕೊಲ್ಹಾಪುರದ್ದು ನೀ ಗೆದ್ದದ್ದೋ. ಈಗರೆ ಖರೇ ಹೇಳಿ ಆ ಸೋಲು ತೆಗಸಬಾರದೇನು?"

ಬಸ್ಸಿನ ಮೆಟ್ಟಿಲ ಮೇಲೆ ತಿರುಗಿ ನಿಂತ.

"ಯಾಕ ತೆಗಸ್ಲಿ? ನಮ್ಮಪ್ಪ ನನ್ನ ಆಟ ನೋಡಿ ಕುಣದದ್ದು ಅವತ್ತೊಂದ ದಿನ."