ಸ್ಕ್ರೀನಿನ ಚುಕ್ಕಿ, ಫೋಟೋದ ಚುಕ್ಕಿ

ಬೀದಿಯವರಿಗೆಲ್ಲ ಅವರು ಫೋಟೋ ಮಾಮ. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಸ್ಟುಡಿಯೋ ಅವರದು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು, ಅಷ್ಟು ಜಾಗ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವುದು ಹೊಟ್ಟೆಪಾಡು. ಹೆಸರು ತಂದದ್ದು ಬೇರೆ ಕೆಲಸ. ತೀರಿಕೊಂಡವರ ಹಳೆಯ, ಮಾಸಿದ ಫೋಟೋ ಕೊಟ್ಟರೆ ಅದನ್ನು ತಿದ್ದಿ, ದೊಡ್ಡದು ಮಾಡಿ, ಗೋಡೆಗೆ ಹಾಕುವಂತೆ ಮಾಡಿಕೊಡುತ್ತಿದ್ದರು. ಜನ ಅದನ್ನು ನೋಡಿ, "ಎದ್ದು ಬಂದು ಮಾತಾಡ್ಸೋ ಹಾಗಿದೆ" ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಇಷ್ಟನ್ನೂ ಅವರು ಮಾಡುತ್ತಿದ್ದದ್ದು ಒಂದು ದರಿದ್ರ ಲ್ಯಾಪ್‌ಟಾಪಿನಲ್ಲಿ. ಎಲ್ಲಕ್ಕಿಂತ ಅಗ್ಗದ್ದು ಯಾವುದು ಎಂದು ಕೇಳಿಯೇ ತಂದದ್ದು. ತಂದ ಹೊಸದರಲ್ಲೇ ಸ್ಕ್ರೀನಿನ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಯೊಂದು ಕಾಣಿಸಿತು. ಹೊತ್ತುಕೊಂಡು ಹೋಗಿ ತೋರಿಸಿದರೆ ಅಂಗಡಿಯವನು ಪಿಕ್ಸೆಲ್ ಸತ್ತಿದೆ ಎಂದ.

"ಹೊಸದು ಕೊಡಿ ಹಾಗಾದ್ರೆ."

"ಒಂದು ಸತ್ರೆ ಕಂಪನಿಯವರು ಲೆಕ್ಕಕ್ಕೆ ತಗೊಳ್ಳಲ್ಲ ಸಾರ್. ಇನ್ನೂ ನಾಲ್ಕೈದು ಸಾಯ್ಲಿ, ಆಮೇಲೆ ತನ್ನಿ."

ಅವು ಸತ್ತವು, ಆದರೆ ವಾರಂಟಿ ಮುಗಿದ ಮೇಲೆ. ಒಂದು ಮಾತ್ರ ಸಾಯದೆ ಹಸಿರು ಬಣ್ಣದಲ್ಲೇ ಸಿಕ್ಕಿಹಾಕಿಕೊಂಡು, ಯಾವ ಚಿತ್ರ ಹಾಕಿದರೂ ಮಿಣಮಿಣ ಎನ್ನುತ್ತಿತ್ತು. ಮಾಮನ ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ತಂದಾಗಲೆಲ್ಲ ಅದನ್ನು ನೋಡಿ ನಗುತ್ತಿದ್ದರು. "ರೀ, ಇದಕ್ಕೆ ಸಿಡುಬು ಎದ್ದಿದೆ. ನಮಗೆಲ್ಲ ಹತ್ತೋದ್ರೊಳಗೆ ಮಾರಿಬಿಡಿ."

ಮಾರಿದರೆ ಕೊಳ್ಳುವವರು ಯಾರು? ಮಾಮ ಅದರೊಂದಿಗೇ ಏಗಲು ಕಲಿತರು. ತೊಡಕು ಎಂದರೆ, ಅವರ ಮುದಿ ಕ್ಯಾಮೆರಾದೊಳಗೆ ಕೂತ ಧೂಳೂ ಪ್ರತಿ ಫೋಟೋದಲ್ಲಿ ಒಂದೆರಡು ಕಲೆ ಬಿಡುತ್ತಿತ್ತು. ಯಾವುದು ಸ್ಕ್ರೀನಿನದು, ಯಾವುದು ಫೋಟೋದ್ದು? ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರು. ಫೋಟೋವನ್ನು ಹಿಡಿದು ಸ್ವಲ್ಪ ಆಚೆ ಎಳೆಯುವುದು. ಚುಕ್ಕಿ ನಿಂತಲ್ಲೇ ನಿಂತರೆ ಸ್ಕ್ರೀನಿನದು, ಅದರ ತಂಟೆಗೆ ಹೋಗಬೇಕಿಲ್ಲ. ಫೋಟೋದ ಜೊತೆ ಸರಿದರೆ ಫೋಟೋದ್ದು, ಅಳಿಸಬೇಕು. ಎಳೆ, ನೋಡು, ಅಳಿಸು. ಕೈಗೆ ಇದು ಎಷ್ಟು ಒಗ್ಗಿತ್ತೆಂದರೆ ತಲೆಯನ್ನು ಕೇಳುವ ಅಗತ್ಯವೇ ಇರಲಿಲ್ಲ. ಆದರೆ ಮುಖದ ಮೇಲಿನ ಚುಕ್ಕಿಯಾದರೆ ಮನೆಯವರನ್ನು ಕೇಳದೆ ಮುಟ್ಟುತ್ತಿರಲಿಲ್ಲ. "ಇದು ಮಚ್ಚೆನಾ? ಇರ್ಲಾ, ತೆಗೀಲಾ?" ಎಂದು ಕೇಳಿಯೇ ಮುಂದಿನ ಕೆಲಸ.

ಹೋದ ಚಳಿಗಾಲದಲ್ಲಿ ಮಾಮನ ಹೆಂಡತಿ ಜ್ವರವೆಂದು ಮಲಗಿದರು. ಬರೀ ಜ್ವರ ತಾನೇ ಎಂದುಕೊಂಡರು ಎಲ್ಲರೂ. ಆಸ್ಪತ್ರೆಗೆ ಸೇರಿಸಿದ ಮೇಲೆ ಡಾಕ್ಟರು ಕೈಚೆಲ್ಲಿದರು, ಆಕೆ ಮನೆಗೆ ಮರಳಲಿಲ್ಲ. ಊಟದ ಡಬ್ಬಿ ಇನ್ನೂ ಸ್ಟುಡಿಯೋದ ಮೂಲೆಯಲ್ಲಿ ತೊಳೆಯದೆ ಬಿದ್ದಿತ್ತು.

ಊರಿನ ಸತ್ತವರಿಗೆಲ್ಲ ಫೋಟೋ ಮಾಡಿಕೊಟ್ಟವರ ಮನೆಯಲ್ಲಿ ಹೆಂಡತಿಯ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಆಕೆ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು. ಮಗಳ ಮೊಬೈಲಿನಲ್ಲಿ ಇದ್ದವೆಲ್ಲ ಅಂಥವೇ, ಅರ್ಧ ಮುಖ, ಇಲ್ಲವೇ ಬರೀ ಬೆನ್ನು. ಇದ್ದದ್ದು ಒಂದೇ. ಹೊಸ ಲೈಟು ತಂದ ದಿನ ಮಾಮ ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, "ಲೈಟ್ ನೋಡ್ಬೇಕಷ್ಟೆ, ನಿನ್ನನ್ನಲ್ಲ" ಎಂದು ಸುಳ್ಳು ಹೇಳಿ ತೆಗೆದಿದ್ದರು. ಅದರಲ್ಲಿ ಆಕೆ ನೇರವಾಗಿ ನೋಡುತ್ತಿದ್ದರು, ನಗು ಇನ್ನೇನು ಬರುವುದರಲ್ಲಿತ್ತು.

"ಅದನ್ನೇ ದೊಡ್ಡದು ಮಾಡಪ್ಪ," ಎಂದಳು ಮಗಳು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ಅಮ್ಮ ಹೋದ ಮೇಲೆ ಮನೆಯನ್ನೂ ತಾನೇ ಹೊತ್ತುಕೊಂಡಿದ್ದಳು. "ನಂಗೆ ಅಮ್ಮನ ಮುಖ ದಿನಾ ನೋಡ್ಬೇಕು."

ಮಾಮ ಕೂತರು. ಫೋಟೋ ತೆರೆದರು. ಇಡೀ ಮುಖ ನೋಡುವುದು ಅವರಿಂದ ಆಗಲಿಲ್ಲ. ಅದಕ್ಕೇ ಹಿಗ್ಗಿಸಿ ಹಿಗ್ಗಿಸಿ, ಸ್ಕ್ರೀನಿನ ತುಂಬ ಬರೀ ಚರ್ಮ ಕಾಣುವ ಹಾಗೆ ಮಾಡಿಕೊಂಡರು. ಒಂದು ತುಂಡು ಹಣೆ, ಒಂದು ತುಂಡು ಕೆನ್ನೆ. ತುಂಡು ತುಂಡಾಗಿದ್ದರೆ ಅದು ಯಾರ ಮುಖವಾದರೂ ಆಗಬಹುದು. ಹಲ್ಲು ಕಚ್ಚಿಕೊಂಡು ಎಳೆದರು, ನೋಡಿದರು, ಅಳಿಸಿದರು. ಮನೆಯವರನ್ನು ಕೇಳುವ ಮಾತು ಬರಲಿಲ್ಲ, ಮನೆಯವರು ತಾವೇ ಅಲ್ಲವೇ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಅವರು ಯಾವತ್ತೂ ತಿದ್ದಿದ್ದನ್ನು ಹಳೆಯದರ ಮೇಲೆಯೇ ಉಳಿಸುತ್ತಿದ್ದರು. ಇದನ್ನೂ ಹಾಗೇ ಉಳಿಸಿ, ಪ್ರಿಂಟಿಗೆ ಕಳಿಸಿ, ಕಟ್ಟು ಹಾಕಿಸಿ ತಂದರು.

ಮಗಳು ಸುತ್ತಿದ್ದ ಕಾಗದ ಬಿಚ್ಚಿ ತುಂಬ ಹೊತ್ತು ನೋಡಿದಳು.

"ಚೆನ್ನಾಗಿದೆ. ಆದ್ರೆ ಅಮ್ಮನ ಮಚ್ಚೆ ಎಲ್ಲಪ್ಪ?"

"ಯಾವ ಮಚ್ಚೆ?"

ಅವಳು ತಲೆ ಎತ್ತಿ ಅಪ್ಪನನ್ನು ನೋಡಿದಳು. "ಕಿವಿ ಕೆಳಗೆ, ದವಡೆ ಹತ್ರ ಇತ್ತಲ್ಲ. ಚಿಕ್ಕವಳಿದ್ದಾಗ ಅದನ್ನ ಒತ್ಕೊಂಡೇ ನಿದ್ದೆ ಮಾಡ್ತಿದ್ದೆ ನಾನು."

ಮಾಮ ಕಟ್ಟನ್ನು ಇಸಿದುಕೊಂಡು ನೋಡಿದರು. "ಸ್ಕ್ರೀನಿನ ಚುಕ್ಕಿ ಅಡ್ಡ ಬಂದಿರ್ಬೇಕು, ಇರು," ಎಂದು ಲ್ಯಾಪ್‌ಟಾಪ್ ತೆಗೆದರು. ಒಂದು ಕಪ್ಪು ಚುಕ್ಕಿ ಸರಿಯಾಗಿ ದವಡೆಯ ಮೇಲೇ ಕೂತಿತ್ತು. ಅದರ ಹಿಂದೆ ಮಚ್ಚೆ ಅಡಗಿರಲಿ ಎಂದು ಬೇಡಿಕೊಳ್ಳುತ್ತ ಫೋಟೋವನ್ನು ಆಚೆ ಎಳೆದರು. ಚುಕ್ಕಿ ನಿಂತಲ್ಲೇ ನಿಂತಿತು. ಕೆಳಗಿನಿಂದ ಸರಿದು ಬಂದ ದವಡೆ ನುಣ್ಣಗಿತ್ತು. ಪ್ರಿಂಟಿನಲ್ಲೂ ಇಲ್ಲದ್ದು ಇಲ್ಲಿ ಎಲ್ಲಿಂದ ಬರಬೇಕು? ಕ್ಯಾಮೆರಾದ ಕಾರ್ಡಿನಲ್ಲಿ ಹುಡುಕಿದರು. ಅದರ ಮೇಲೆ ಯಾರ್ಯಾರದೋ ಫೋಟೋಗಳು ತುಂಬಿ ಎಷ್ಟೋ ಕಾಲವಾಗಿತ್ತು.

"ಹೋಗ್ಲಿ ಬಿಡಪ್ಪ, ಮತ್ತೆ ಇಟ್ರಾಯ್ತು. ಒಂದು ಚುಕ್ಕಿ ತಾನೇ?"

ಹೌದು, ಒಂದು ಚುಕ್ಕಿ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗುವ ಕೆಲಸ. ಮೌಸ್ ಹಿಡಿದ ಮಾಮನ ಕೈ ದವಡೆಯ ಮೇಲೆ ಹಾಗೇ ನಿಂತಿತು. ಔಷಧಿ ಅಂಗಡಿಯವನ ಹುಬ್ಬಿನ ಗಾಯ ಎಲ್ಲಿ, ಚಪ್ಪಲಿ ಅಂಗಡಿಯವನ ತಾಯಿಯ ಮೂಗಿನ ಮೇಲಿನ ಮಚ್ಚೆ ಎಲ್ಲಿ, ಎಲ್ಲ ಅವರಿಗೆ ಬಾಯಿಪಾಠ. ಇಷ್ಟು ವರ್ಷ ಜೊತೆಗೆ ಬಾಳಿದವಳ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ ನೆನಪಾಗಲಿಲ್ಲ. ಡಬ್ಬಿ ಬಂದಾಗ ಅವರು ಡಬ್ಬಿ ನೋಡುತ್ತಿದ್ದರು. ಆಕೆ ನಗುವಾಗ ಸ್ಕ್ರೀನ್ ನೋಡುತ್ತಿದ್ದರು.

"ಎಲ್ಲಿಡ್ಲಿ, ನೀನೇ ತೋರ್ಸು," ಎಂದರು.

ಮಗಳು ಪಕ್ಕದಲ್ಲಿ ಕೂತು ಸ್ಕ್ರೀನಿನ ಮೇಲೆ ಬೆರಳಿಟ್ಟಳು. ಅವರು ಇಟ್ಟರು. "ಇನ್ನೂ ಸ್ವಲ್ಪ ಕೆಳಗೆ," ಎಂದಳು. ಸರಿಸಿದರು. "ಇಷ್ಟು ಕಪ್ಪಿರ್ಲಿಲ್ಲ, ಕಂದು." ತಿಳಿ ಮಾಡಿದರು. ಅವಳ ಕಣ್ಣು ತುಂಬಿ ಬಂತು. ಅಪ್ಪನ ಭುಜಕ್ಕೆ ಒರಗಿಕೊಂಡಳು.

"ಈಗ ಅಮ್ಮ. ಅಲ್ವಾಪ್ಪ? ಹೀಗೇ ಇತ್ತಲ್ವಾ?"

ಮಾಮ ಈ ಸಲ ಇಡೀ ಮುಖವನ್ನು ನೋಡಿದರು, ಬಹಳ ಹೊತ್ತು.

"ಹ್ಞೂಂ, ಹೀಗೇ ಇತ್ತು," ಎಂದರು. ಹೀಗೇ ಇತ್ತೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ.