ಅಕ್ಕನ ಕೋಣೆಗೆ ಬಂದ ಮಗು

ನಾನು ಓದಿದ್ದು ವಿಜ್ಞಾನ. ಯಾರಾದರೂ ಇಂಥ ಸಂಗತಿ ಹೇಳಿದರೆ, ಪಾಪ, ನಿದ್ದೆ ಸಾಲದೇನೋ ಎಂದುಕೊಳ್ಳುತ್ತಿದ್ದೆ. ಈಗ ನೀವು ನನ್ನ ಬಗ್ಗೆ ಹಾಗೆಂದುಕೊಂಡರೆ ಬೇಸರವಿಲ್ಲ.

ಅಕ್ಕನಿಗೆ ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾದಾಗ ಅವಳ ಮಗಳು ಮಿನಿಗೆ ಮೂರು ವರ್ಷ. ಆಪರೇಷನ್ ಆದ ಮೇಲೆ ವಿಕಿರಣ ಸೂಸುವ ಅಯೋಡಿನ್ ಕೊಟ್ಟರು. ಮೈಯಿಂದ ವಿಕಿರಣ ಹೊಮ್ಮುವುದರಿಂದ, ಮುಂಬಯಿಯ ವಡಾಲದ ಮನೆಗೆ ಬಂದ ಮೇಲೂ ಅವಳು ಕೆಲವು ದಿನ ಒಂದೇ ಕೋಣೆಯಲ್ಲಿರಬೇಕಿತ್ತು. ಮಗು ಹತ್ತಿರ ಸುಳಿಯಬಾರದು. ಭಾವ ಊಟದ ಡಬ್ಬಿಯನ್ನು ಬಾಗಿಲಲ್ಲಿಟ್ಟು ದೂರ ಸರಿಯುತ್ತಿದ್ದರು. ಮಿನಿಯನ್ನು ನಾನು ಸಾಂತಾಕ್ರೂಜಿನ ನಮ್ಮ ಮನೆಗೆ ಕರೆತಂದೆ. ಅಮ್ಮ ಮೈಸೂರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದೆ. ಧ್ವನಿ ಕೇಳಿದರೆ ಹಟ ಮಾಡುತ್ತಾಳೆಂದು ಫೋನನ್ನೂ ಕೊಡಲಿಲ್ಲ.

ಅಕ್ಕ ದಿನವೂ ನನಗೆ ಫೋನ್ ಮಾಡಿ ತಮಾಷೆ ಮಾಡುತ್ತಿದ್ದಳು. "ಲೈಟ್ ಹೋದ್ರೆ ಹೇಳೇ, ಬಂದು ನಿನ್ನ ಬಿಲ್ಡಿಂಗ್‌ಗೆಲ್ಲಾ ಬೆಳಕು ಕೊಡ್ತೀನಿ." ಆಮೇಲೆ ದನಿ ಸಣ್ಣದಾಗುತ್ತಿತ್ತು. "ಮಿನಿ ನನ್ನ ಕೇಳ್ತಾಳೇನೇ?"

ನಾಲ್ಕನೆಯ ದಿನ ಮಧ್ಯಾಹ್ನ ಮಿನಿಯನ್ನು ಒಳಗೆ ಮಲಗಿಸಿ ನಾನು ಹಾಲ್‌ನಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದೆ. ಫೋನ್ ಎತ್ತಿದರೆ ಅಕ್ಕ ಅರಚುತ್ತಿದ್ದಳು.

"ಇವಳನ್ನ ಯಾಕೇ ಇಲ್ಲಿಗೆ ಕರ್ಕೊಂಡ್ ಬಂದೆ? ಎಷ್ಟ್ ಹೇಳಿದ್ರೂ ಹತ್ರ ಬರ್ತಾಳೆ! ಹೋಗು, ಬರಬೇಡ ಅಂತ ಗದರಿದೆ, ಕಿಟಕಿ ಹತ್ತಿಬಿಟ್ಳು. ನಾನು ಮುಟ್ಟೋ ಹಾಗಿಲ್ಲ. ನೀನ್ ಹಿಡ್ಕೊಳ್ಳೇ!"

ನಾನು ಯಾಕೆ ಎದ್ದು ಮಿನಿ ಮಲಗಿದ್ದ ಕೋಣೆಗೆ ಓಡಿದೆನೋ ತಿಳಿಯದು. ನಮ್ಮದು ಐದನೆಯ ಮಹಡಿ. ಆ ಕೋಣೆಯ ಕಿಟಕಿಯಾಚೆ ಬಟ್ಟೆ ಒಣಗಿಸುವ ಗ್ರಿಲ್‌ಗೆ ಒಂದು ಪುಟ್ಟ ಬಾಗಿಲಿದೆ, ಸದಾ ಬೀಗ ಹಾಕಿರುತ್ತದೆ. ಬೆಳಿಗ್ಗೆ ಎ.ಸಿ. ರಿಪೇರಿಯವನಿಗೆಂದು ತೆಗೆದವಳು ಮತ್ತೆ ಹಾಕುವುದನ್ನು ಮರೆತಿದ್ದೆ. ಮಿನಿಯ ಒಂದು ಕಾಲು ಅದರಾಚೆ ನೇತಾಡುತ್ತಿತ್ತು. ಫ್ರಾಕ್ ಹಿಡಿದು ಒಳಗೆಳೆದೆ. ಹೊಲಿಗೆ ಪರ್ರೆಂದು ಬಿಚ್ಚಿಕೊಂಡ ಸದ್ದು ಇವತ್ತಿಗೂ ಕೇಳಿಸುತ್ತದೆ.

ಅವಳು ಅಳಲಿಲ್ಲ. "ಚಿಕ್ಕಿ, ಮಮ್ಮಿ ನೇ ಬೋಲಾ, ಮಮ್ಮಿ ಹೇಳಿದ್ಲು, ಹೋಗು, ಬರಬೇಡ" ಎಂದಳು.

ಅಕ್ಕನ ಕೋಣೆಯಲ್ಲಿ ಆ ಹೊತ್ತು ಬೇರೆ ಯಾರೂ ಇರಲಿಲ್ಲವೆಂದು ಭಾವ ಹೇಳುತ್ತಾರೆ. ನಿಶ್ಶಕ್ತಿಯಲ್ಲಿ ಕನಸು ಬಿದ್ದಿರಬೇಕು ಎಂದರು ಡಾಕ್ಟರು. ಇರಬಹುದು. ಆದರೆ ಆ ಮಾತು ಮಿನಿಯ ಬಾಯಿಗೆ ಬಂದದ್ದು ಹೇಗೆ?

ಮುಂದಿನ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನ ಸುಳಿವೇ ಇರಲಿಲ್ಲ. ರೆಮಿಷನ್ ಎಂದರು, ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ಅದಾಗಿ ಎರಡು ವರ್ಷವಾಯಿತು. ಅಕ್ಕ ಕೆಲಸಕ್ಕೆ ಹೋಗುತ್ತಾಳೆ, ಲೋಕಲ್ ಟ್ರೇನ್ ಹತ್ತುತ್ತಾಳೆ. ಮಿನಿ ಮಾತ್ರ ಅವಳ ಹತ್ತಿರ ಹೋಗುವುದಿಲ್ಲ. ಜಡೆಯನ್ನು ಅಪ್ಪನೇ ಹಾಕಬೇಕು. ಅಕ್ಕ ಕೈ ಚಾಚಿದರೆ, ಹೇಳಿದ ಮಾತು ಕೇಳುವ ಮಗುವಿನಂತೆ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ.

ಮೊನ್ನೆ ಅಕ್ಕ ಕೇಳಿದಳು: "ನಾನ್ ಕೂಗಿದ್ದಕ್ಕೆ ಅವಳು ಉಳಿದಳೋ, ನಾನ್ ಗದರಿದ್ದಕ್ಕೇ ಹತ್ತಿದಳೋ?"

"ಉಳಿಸಿದ್ದು ನೀನೇ ಕಣೇ" ಎಂದೆ. ನನಗೆ ಗೊತ್ತಿಲ್ಲ.